ಅಪ್‌ಡೇಟ್: ಮಣ್ಣಿನ ಚಿಮಿನಿಯಾ ಒಡೆಯಲಿಲ್ಲ!

ಅಮೆರಿಕದ ಆಸ್ಟಿನ್‌ನಲ್ಲಿರುವ ನಮ್ಮ ಹಿತ್ತಲಿಗೆ ಮೆಕ್ಸಿಕೋದ ಮಣ್ಣಿನ ಚಿಮಿನಿಯಾ (ದಪ್ಪ ಹೊಟ್ಟೆ, ಮುಂದೆ ಬಾಯಿ, ಮೇಲೆ ಉದ್ದ ಕತ್ತು ಇರೋ, ಹೊರಗೆ ಚಳಿ ಕಾಯಿಸೋ ಒಲೆ) ತಂದಿದ್ದೇನೆ, ಮೊದಲ ಸಲ ಬೆಂಕಿ ಹಾಕಿದರೆ ಬಿರುಕು ಬಿಡುತ್ತಾ ಅಂತ ಕೇಳಿದ್ದೆನಲ್ಲ, ಏನೂ ಆಗಲಿಲ್ಲ. ಮೊದಲು ಸಣ್ಣ ಸಣ್ಣ ಬೆಂಕಿ ಹಾಕಿ ಹದ ಮಾಡಿ ಅಂದವರಿಗೆ ದೊಡ್ಡ ಥ್ಯಾಂಕ್ಸ್.

ಬೆಂಕಿ ನೇರವಾಗಿ ಮಣ್ಣಿಗೆ ತಾಗದ ಹಾಗೆ ಹೊಟ್ಟೆಯೊಳಗೆ, ಬಾಯಿಗಿಂತ ಸ್ವಲ್ಪ ಕೆಳಗಿನವರೆಗೆ, ಮರಳು ತುಂಬಿದೆ. ಶುರುವಿನಲ್ಲಿ ಬರೀ ಕಾಗದ, ಒಂದಿಷ್ಟು ಪುರಳೆ. ಅದು ಆರಿ ಪೂರ್ತಿ ತಣ್ಣಗಾದ ಮೇಲೇ ಮುಂದಿನ ಬೆಂಕಿ, ಪ್ರತಿ ಸಲ ಸ್ವಲ್ಪ ಜಾಸ್ತಿ.

ಈಗ ಮೆಸ್ಕೀಟ್ ಕಟ್ಟಿಗೆ ಹಾಕ್ತಿದ್ದೇವೆ (ನಮ್ಮ ಬಳ್ಳಾರಿ ಜಾಲಿಯ ನೆಂಟ ಅದು). ಹೊಗೆ ಉದ್ದ ಕತ್ತಿನಿಂದ ಸೀದಾ ಮೇಲೆ ಹೋಗುತ್ತೆ, ಕಣ್ಣುರಿ ಇಲ್ಲ. ಆದರೆ ಬಿಸಿಯೆಲ್ಲ ಬಾಯಿಯ ಕಡೆಗೇ, ಹಿಂದೆ ಕೂತವರಿಗೆ ಸುಮ್ನೆ ಚಳಿ.

ಆರಿಸೋಕೆ ನೀರು ಮಾತ್ರ ಹಾಕಬೇಡಿ, ಕಾದ ಮಣ್ಣು ಸೀಳಿಬಿಡುತ್ತೆ, ಮರಳು ಸುರಿದರೆ ಸಾಕು. ಮಳೆಗೂ ಮುಚ್ಚಿಡಬೇಕು, ಯಾಕಂದ್ರೆ ಮಣ್ಣು ಕುಡಿದ ನೀರು ಚಳಿಗೆ ಹೆಪ್ಪುಗಟ್ಟಿದರೂ ಒಡೆಯುತ್ತೆ. ಜನವರಿಯಲ್ಲಿ ಶೆಡ್ಡಿನೊಳಗೆ ಇಡೋಣ ಅಂದ್ರೆ ಇಬ್ಬರು ಬೇಕು ಎತ್ತೋಕೆ, ಅಷ್ಟು ಭಾರ!