ಲಿನನ್ ಅಂಗಡಿ ಬ್ಯಾಂಕ್ ಆಗಿದ್ದು ಹೇಗೆ?

ಪ್ರಶ್ನೆ: ಐರ್ಲೆಂಡಿನಿಂದ ಬಂದ ಅಲೆಕ್ಸಾಂಡರ್ ಬ್ರೌನ್ 1800ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಲಿನನ್ ವ್ಯಾಪಾರ ಶುರುಮಾಡಿದ. ಆ ಮನೆತನ ಬ್ಯಾಂಕಿಂಗ್‌ಗೆ ಹೊರಳಿದ್ದು ಹೇಗೆ? ತಿಳಿದವರು ಹೇಳಿ.

ಉತ್ತರ 1: ಹುಂಡಿಯಿಂದ, ಅಂದರೆ ಇಂತಿಷ್ಟು ದಿನದ ನಂತರ ಇಷ್ಟು ಹಣ ಕೊಡು ಎಂದು ಇನ್ನೊಬ್ಬರ ಮೇಲೆ ಬರೆಯುವ ಪತ್ರದಿಂದ. ಹತ್ತಿ, ಹೊಗೆಸೊಪ್ಪನ್ನು ಇಂಗ್ಲೆಂಡಿನ ಬಂದರು ಲಿವರ್‌ಪೂಲ್‌ಗೆ ಕಳಿಸಿದವನಿಗೆ ಅಲ್ಲಿಂದ ಪೌಂಡ್ ಬರಬೇಕು. ಬಟ್ಟೆ ತರಿಸುವವನಿಗೆ ಅಲ್ಲಿ ಕಟ್ಟಲು ಪೌಂಡ್ ಬೇಕು. ಬ್ರೌನ್ ಮೊದಲನೆಯವನ ಹುಂಡಿ ಕೊಳ್ಳುತ್ತಿದ್ದ, ಲಿವರ್‌ಪೂಲ್‌ನಲ್ಲಿದ್ದ ಮಗನ ಮೇಲೆ ತನ್ನದೇ ಹುಂಡಿ ಬರೆದು ಎರಡನೆಯವನಿಗೆ ಮಾರುತ್ತಿದ್ದ. ವಾಯಿದೆ ಸಾಮಾನ್ಯವಾಗಿ 60 ದಿನ. ಕೊಂಡ ದರಕ್ಕೂ ಮಾರಿದ ದರಕ್ಕೂ ಇರುವ ವ್ಯತ್ಯಾಸವೇ ಲಾಭ.

ಉತ್ತರ 2: ಆ ದಡದಲ್ಲಿ ನಂಬಿಕಸ್ಥ ಇಲ್ಲದಿದ್ದರೆ ಇದು ನಡೆಯುವುದೇ ಇಲ್ಲ. ಹಿರಿಮಗ ವಿಲಿಯಂ ಲಿವರ್‌ಪೂಲ್‌ನಲ್ಲಿ ನೆಲೆಸಿದ್ದು ಅದಕ್ಕೇ. ಉಳಿದ ಮಕ್ಕಳಲ್ಲಿ ಜಾನ್ 1818ರಲ್ಲಿ ಫಿಲಡೆಲ್ಫಿಯಾಕ್ಕೆ, ಜೇಮ್ಸ್ 1825ರಲ್ಲಿ ನ್ಯೂಯಾರ್ಕಿಗೆ ಹೋದರು. ಜಾರ್ಜ್ ಅಪ್ಪನ ಜೊತೆಗೇ ಉಳಿದ.

ಉತ್ತರ 3: ಅಪಾಯವನ್ನೂ ಹೇಳಬೇಕು. ಹತ್ತಿಯ ಮೇಲೆ ಮುಂಗಡ ಕೊಟ್ಟು, ಹಡಗು ತಲುಪುವಷ್ಟರಲ್ಲಿ ಬೆಲೆ ಕುಸಿದರೆ ಹುಂಡಿಗೆ ಹಣ ಹುಟ್ಟುವುದಿಲ್ಲ. ಹಾಗಾಗಿ ಅಂದಾಜು ಬೆಲೆಯ ಒಂದು ಭಾಗವನ್ನಷ್ಟೇ ಕೊಟ್ಟು, ಸರಕಿನ ಹಡಗು ರಸೀದಿಯನ್ನು ಕೈಯಲ್ಲಿಟ್ಟುಕೊಳ್ಳುವುದು ಜಾಣತನ. ಆದರೂ 1837ರ ಆರ್ಥಿಕ ಬಿಕ್ಕಟ್ಟಿನಲ್ಲಿ ಅಮೆರಿಕದ ಬಾಕಿ ವಸೂಲಾಗದೆ, ಬ್ರೌನ್‌ರ ಲಿವರ್‌ಪೂಲ್ ಸಂಸ್ಥೆ ಉಳಿದದ್ದು ಬ್ಯಾಂಕ್ ಆಫ್ ಇಂಗ್ಲೆಂಡಿನ ಸಾಲದಿಂದ.