ಲಾರಿಯ ಲೇನ್ ಬೀಪ್, ಆಟೊ ಬ್ರೇಕ್: ವೈರ್ ತೆಗೆಸಿಬಿಡಲಾ?

ಬ್ಯಾಡಗಿ ಲಾರಿ
ಅಣ್ಣಂದಿರೇ, ಎರಡು ತಿಂಗಳ ಹಿಂದೆ ಹೊಸ ಗಾಡಿ ತಗೊಂಡಿದ್ದೇನೆ. ಬ್ಯಾಡಗಿಯಿಂದ ಪುಣೆಗೆ ಮೆಣಸಿನಕಾಯಿ ಲೋಡ್, ಕೆಲವು ಸಲ ಅಂಕೋಲಾ ಕಡೆ. ಗ್ಲಾಸಿನ ಒಳಗೆ ಕ್ಯಾಮೆರಾ, ಬಂಪರಿನಲ್ಲಿ ರಾಡಾರ್ ಇದೆ. ಗೆರೆ ದಾಟಿದರೆ ಬೀಪ್. ಹೋದ ವಾರ ಧಾರವಾಡ ಬೈಪಾಸಿನಲ್ಲಿ ಮುಂದೆ ಏನೂ ಇಲ್ಲದಿದ್ದರೂ ತಾನೇ ಬ್ರೇಕ್ ಹಾಕಿತು, ಹಿಂದಿನ ಟ್ಯಾಂಕರ್ ಸ್ವಲ್ಪದರಲ್ಲಿ ತಪ್ಪಿತು. ಡ್ರೈವರ್ ಕಾಕಾ 25 ವರ್ಷದಿಂದ ಗಾಡಿ ಓಡಿಸುತ್ತಿದ್ದಾರೆ, "ಮಾಲೀಕರೇ, ಇದರ ಫ್ಯೂಸ್ ತೆಗೆಸಿಬಿಡಿ" ಅಂತ ದಿನಾ ಹೇಳುತ್ತಿದ್ದಾರೆ. ತೆಗೆಸಲಾ?

ಗಬ್ಬೂರು ಮೆಕ್ಯಾನಿಕ್
ತೆಗೆಸಬೇಡಿ ಅಣ್ಣಾ. ಮೊದಲು ಒಂದು ಹೇಳಿ, ಮುಂದೆ ಕಬ್ಬಿಣದ ಗಾರ್ಡ್ ಹಾಕಿಸಿದ್ದೀರಾ?

ರಾಡಾರ್ ಅಲೆ ಬಿಡುತ್ತದೆ, ಅದು ಮುಂದಿನ ಗಾಡಿಗೆ ತಾಗಿ ವಾಪಸ್ ಬರುತ್ತದೆ. ಅದರಿಂದ ದೂರ ಎಷ್ಟು, ಎಷ್ಟು ಬೇಗ ಹತ್ತಿರ ಆಗುತ್ತಿದೆ ಅಂತ ಲೆಕ್ಕ. ಅದು ಬೈಕೋ ಲಾರಿಯೋ ಅಂತ ಗುರುತು ಹಿಡಿಯುವುದು ಕ್ಯಾಮೆರಾ. ಮೊದಲು ಕೂಗುತ್ತದೆ, ಆಮೇಲೆ ಸ್ವಲ್ಪ ಬ್ರೇಕ್ ಹಿಡಿಯುತ್ತದೆ, ಆಗಲೂ ಡ್ರೈವರ್ ಏನೂ ಮಾಡದಿದ್ದರೆ ಪೂರ್ತಿ ಬ್ರೇಕ್. 80ರ ಸ್ಪೀಡಿನಲ್ಲಿ ಒಂದು ಸೆಕೆಂಡಿಗೆ ಗಾಡಿ 22 ಮೀಟರ್ ಹೋಗಿರುತ್ತದೆ, ಅದರ ಮೇಲೆ ಏರ್ ಬ್ರೇಕ್ ಅಂದರೆ ಪೆಡಲ್ ತುಳಿದ ಮೇಲೂ ಗಾಳಿ ಚೇಂಬರಿಗೆ ಮುಟ್ಟಿ ಲೈನರ್ (ಡ್ರಮ್‌ಗೆ ಉಜ್ಜಿ ಗಾಡಿ ನಿಲ್ಲಿಸುವ ಪಟ್ಟಿ) ಹಿಡಿಯಲು ಒಂದಿಷ್ಟು ಹೊತ್ತು ಬೇಕು. ಡ್ರೈವರ್ ನೋಡಿ ಪೆಡಲ್ ತುಳಿಯುವ ಹೊತ್ತನ್ನು ಉಳಿಸುವುದೇ ಇದರ ಕೆಲಸ. ಯುರೋಪಿನಲ್ಲಿ 2015ರ ನವೆಂಬರ್‌ನಿಂದ ಹೊಸ ದೊಡ್ಡ ಲಾರಿಗಳಿಗೆ ಇದು ಕಡ್ಡಾಯ.

ಆದರೆ ರಾಡಾರ್ ಎದುರು ಕಬ್ಬಿಣ ಬಂದರೆ ಅಲೆ ಅದಕ್ಕೇ ತಾಗಿ ಲೆಕ್ಕ ತಪ್ಪುತ್ತದೆ. ಆ ಗಾರ್ಡ್ ಹೇಗೂ ಕಾನೂನಿಗೆ ವಿರುದ್ಧ, 2017ರ ಡಿಸೆಂಬರ್‌ನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಎಲ್ಲ ರಾಜ್ಯಗಳಿಗೂ ಬರೆದಿತ್ತು. ಗ್ಲಾಸ್ ಬದಲಾಯಿಸಿದರೆ ಕ್ಯಾಮೆರಾ, ಬಂಪರಿಗೆ ಪೆಟ್ಟು ಬಿದ್ದರೆ ರಾಡಾರ್ ಸರಿಯಾಗಿದೆಯಾ ಅಂತ ನೋಡಿಸಿ ಮತ್ತೆ ಹೊಂದಿಸಬೇಕು.

ಗದಗ ಡ್ರೈವರ್
ಮಾಲೀಕರೇ, ಆ ಬೀಪ್‌ನಿಂದ ನಾನು ಇವತ್ತು ಬದುಕಿದ್ದೇನೆ. ಬೆಳಗಿನ ಜಾವ 3 ಗಂಟೆ, ಹಾವೇರಿ ದಾಟಿ ಬಂಕಾಪುರ ಇನ್ನೂ ಬಂದಿರಲಿಲ್ಲ. ಕಣ್ಣು ತೆರೆದೇ ಇತ್ತು, ಆದರೆ ನಾನು ಇರಲಿಲ್ಲ. ಟೀ ಲೋಟ ಕಾಲ ಹತ್ತಿರ ಬಿದ್ದದ್ದೂ ಗೊತ್ತಾಗಲಿಲ್ಲ. ಬೀಪ್ ಆದಾಗ ಎಡಗಡೆ ಗಾಲಿ ಮಣ್ಣಿಗೆ ಇಳಿಯುತ್ತಿತ್ತು. ಅವತ್ತು ಪಕ್ಕಕ್ಕೆ ಹಾಕಿ ಎರಡು ತಾಸು ಮಲಗಿದೆ.

ಕಾಕಾ ಅವರಿಗೆ ಹೇಳಿ, ಇಂಡಿಕೇಟರ್ ಹಾಕಿ ಲೇನ್ ಬದಲಿಸಿದರೆ ಅದು ಕೂಗುವುದಿಲ್ಲ. ಒಳಗಿನ ರಸ್ತೆಗಳಲ್ಲಿ ಗೆರೆ ಅಳಿಸಿಹೋಗಿರುತ್ತದೆ, ಅಲ್ಲಿ ಅದು ಸುಮ್ನೆ ಇರುತ್ತದೆ, ನಂಬಬೇಡಿ. ಕಬ್ಬಿನ ಸೀಸನ್‌ನಲ್ಲಿ ಹಿಂದೆ ಲೈಟೂ ಇಲ್ಲದ ಟ್ರಾಲಿ ನಿಂತಿರುತ್ತದೆ. ಅದನ್ನು ರಾಡಾರ್ ನೋಡಿಕೊಳ್ಳುತ್ತದೆ ಅಂತ ಯಾವತ್ತೂ ಅಂದುಕೊಳ್ಳಬೇಡಿ.

ಬ್ಯಾಡಗಿ ಲಾರಿ
ಗಾರ್ಡ್ ಇದೆ ಅಣ್ಣಾ. ಗಾಡಿ ತಂದ ವಾರದಲ್ಲೇ ಹಾಕಿಸಿದ್ದೆ. ನೀವು ಹೇಳಿದ ಮೇಲೆ ಟಾರ್ಚ್ ಹಿಡಿದು ನೋಡಿದೆ, ಪೈಪ್ ಸರಿಯಾಗಿ ರಾಡಾರ್ ಮುಂದೆಯೇ ಬಂದಿದೆ. ಲಿಂಬೆಹಣ್ಣು, ಮೆಣಸಿನಕಾಯಿ ಸರವೂ ಅದರ ಮೇಲೇ ನೇತಾಡುತ್ತಿದೆ.

ಗಬ್ಬೂರು ಮೆಕ್ಯಾನಿಕ್
ಹಾಗಾದರೆ ಅದೇ ಕಾರಣ ಇರಬೇಕು. ಗಾರ್ಡ್ ಬಿಚ್ಚಿಸಿ, ಸರ ಕನ್ನಡಿ ಕಡೆ ಕಟ್ಟಿ, ಆಮೇಲೆ ಶೋರೂಮಿನಲ್ಲಿ ರಾಡಾರ್ ಅಲೈನ್‌ಮೆಂಟ್ ಮಾಡಿಸಿ. ಅಲ್ಲಿಯವರೆಗೆ ಕಾಕಾ ಹುಷಾರಾಗಿ ಓಡಿಸಲಿ.

ಇನ್ನೊಂದು ಮಾತು. ಈ ಸಿಸ್ಟಮ್ ಒತ್ತುವುದು ನಿಮ್ಮ ಅದೇ ಬ್ರೇಕನ್ನು. ಲೈನರ್ ಸವೆದು, ಸ್ಲ್ಯಾಕ್ ಅಡ್ಜಸ್ಟರ್ (ಲೈನರ್, ಡ್ರಮ್ ನಡುವಿನ ಸಂದು ಹೊಂದಿಸುವ ಭಾಗ) ಸಡಿಲ ಆಗಿದ್ದರೆ ರಾಡಾರ್ ಎಷ್ಟು ಬೇಗ ನೋಡಿದರೂ ಗಾಡಿ ನಿಲ್ಲುವುದಿಲ್ಲ. ಓವರ್‌ಲೋಡ್ ಇದ್ದರೂ ಅದೇ ಕಥೆ. ಅಂಕೋಲಾಕ್ಕೆ ಹೋಗುವಾಗ ಅರಬೈಲ್ ಘಟ್ಟದಲ್ಲಿ ಬ್ರೇಕ್ ತುಳಿದೇ ಇಳಿದರೆ ಡ್ರಮ್ ಕಾದು ಹಿಡಿತವೇ ಹೋಗುತ್ತದೆ, ಅಲ್ಲಿ ಸಣ್ಣ ಗೇರ್, ಎಕ್ಸಾಸ್ಟ್ ಬ್ರೇಕ್ (ಇಂಜಿನ್ ಹೊಗೆ ತಡೆದು ವೇಗ ತಗ್ಗಿಸುವುದು), ಇವೇ ಕಾಪಾಡುವುದು.

ಬ್ಯಾಡಗಿ ಲಾರಿ
ನಾಳೆ ಗಾರ್ಡ್ ಬಿಚ್ಚಿಸುತ್ತೇನೆ. ಫ್ಯೂಸ್ ಮುಟ್ಟುವುದಿಲ್ಲ. ಗದಗ ಅಣ್ಣಾ, ನೀವು ಬರೆದದ್ದನ್ನು ಕಾಕಾಗೆ ಓದಿ ಹೇಳಿದೆ, ಅವರು ಏನೂ ಮಾತಾಡಲಿಲ್ಲ, ಇನ್ನೊಂದು ಸಲ ಓದು ಅಂದರು. ಗಬ್ಬೂರು ಅಣ್ಣಾ, ಬ್ರೇಕ್ ನಿಮ್ಮ ಹತ್ತಿರವೇ ನೋಡಿಸಬೇಕು. ಗುರುವಾರ ಖಾಲಿ ಗಾಡಿ ತಂದರೆ ಆಗುತ್ತದಾ?