ಅಪ್‌ಡೇಟ್: ಅಪ್ಪನ ಜೊತೆ ಡ್ಯಾನ್ಯೂಬ್ ನದಿ ದಂಡೆ ಸೈಕಲ್ ಸವಾರಿ ಮುಗೀತು

ಅರವತ್ತು ದಾಟಿದ ಅಪ್ಪನ ಜೊತೆ ಹೋಗೋಕೆ ಗಾಡಿಗಳ ಕಾಟ ಇಲ್ಲದ ನದಿ ದಾರಿ ಯಾವುದು ಅಂತ ಕೇಳಿದ್ದೆನಲ್ಲ? ಜರ್ಮನಿಯ ಪಸ್ಸಾವ್‌ನಿಂದ ಆಸ್ಟ್ರಿಯಾದ ವಿಯೆನ್ನಾವರೆಗೆ, 300 ಕಿ.ಮೀ.ಗೂ ಜಾಸ್ತಿ, ಎಂಟು ದಿನ ತಗೊಂಡ್ವಿ. 'ನೀರು ಹರಿಯೋ ದಿಕ್ಕಿಗೇ ಹೋಗಿ, ಗಾಳಿನೂ ಹೆಚ್ಚಾಗಿ ಬೆನ್ನಿಗಿರುತ್ತೆ' ಅಂದವರಿಗೆ ನಮಸ್ಕಾರ, ಅಪ್ಪನ ಮಂಡಿ ಉಳೀತು.

'ಎಡದಂಡೆ ಬಿಡಬೇಡಿ' ಅನ್ನೋ ಸಲಹೆ ಮಾತ್ರ ಕೈಕೊಟ್ಟಿತು. ಶ್ಲೋಗೆನ್ ಅನ್ನೋ ಕಡೆ ನದಿ ತಿರುವಿನ ಹತ್ರ ಆ ಕಡೆ ಕಾಡು ನೀರಿಗೇ ಇಳಿದುಬಿಟ್ಟಿದೆ, ದಾರಿಯೇ ಇಲ್ಲ! ಸೈಕಲ್ ಸಮೇತ ಪುಟ್ಟ ದೋಣಿ ಹತ್ತಬೇಕು. ಚಿಲ್ಲರೆ ಇಟ್ಕೊಂಡಿರಿ.

ಜುಲೈನಲ್ಲಿ ಹೋದ್ರೆ ಮೆಲ್ಕ್–ಕ್ರೆಮ್ಸ್ ಊರುಗಳ ನಡುವೆ ನಿಧಾನ ಮಾಡಿ. ದ್ರಾಕ್ಷಿ ತೋಟದ ಪಕ್ಕದಲ್ಲೇ ಏಪ್ರಿಕಾಟ್ ಮಾರ್ತಾರೆ. ಅಪ್ಪ ಅರ್ಧ ಕೆ.ಜಿ. ನಿಂತಲ್ಲೇ ಮುಗಿಸಿ, ಅಂಟುಗೈಯಲ್ಲೇ ಹ್ಯಾಂಡಲ್ ಹಿಡಿದ್ರು.